ಅಣ್ಣನ ಹೆಸರಿನಲ್ಲಿ ನಾನು ಆರಿಸಿದ ಕೋಣೆ

ಚಳಿ ಬಿದ್ದು ಜೋಳದ ತೆನೆ ಹಾಲುಗಾಳು ಕಟ್ಟಿದ ಮೇಲೆ ಮಾಕಣಿಯ ಅಣೆಕಟ್ಟಿನ ದಾರಿಯಲ್ಲಿ ರವಿವಾರದ ದಿನ ಬಂಡಿಗಳಿಗಿಂತ ಕಾರುಗಳೇ ಹೆಚ್ಚು. ಲಾತೂರಿನವರು, ಸೋಲಾಪುರದವರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ನೀರು ನೋಡುತ್ತಾರೆ, ಹಕ್ಕಿ ನೋಡುತ್ತಾರೆ, ಸೀತನಿ ತಿನ್ನುತ್ತಾರೆ. ಹಸಿ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿದರೆ ಅದೇ ಸೀತನಿ. ಮರಾಠಿಯವರು ಹುರಡಾ ಅನ್ನುತ್ತಾರೆ. ನಾವು ಚಿಕ್ಕವರಿದ್ದಾಗ ಹಸಿವಿಗೆ ತಿಂದದ್ದನ್ನು ಈಗ ಜನ ರೊಕ್ಕ ಕೊಟ್ಟು ಚೀಟಿ ಹರಿಸಿ ತಿನ್ನುತ್ತಾರೆ. ಹಾಗೆ ಬಂದವರು ಒಂದು ರಾತ್ರಿ ಇರಲೆಂದು ಹೊಲಗಳ ನಡುವೆ ಕೋಣೆಗಳೂ ಎದ್ದಿವೆ.

ಅಲ್ಲಿ ನಮ್ಮ ಮನೆಯವರಿಗೆ ಯಾವ ಜಾಗ ಸರಿ ಎಂದು ನೋಡಿ ಆರಿಸುವ ಕೆಲಸ ಒಮ್ಮೆ ನನಗೆ ಬಿತ್ತು. ನಾನು ಆರಿಸಿದ್ದು ತಪ್ಪು. ಆರಿಸಿದ ರೀತಿ ಅದಕ್ಕಿಂತಲೂ ತಪ್ಪು. ಅದನ್ನು ಬರೆಯಬೇಕೆಂದು ಕುಳಿತಿದ್ದೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ, ಅದೂ ಮರಾಠಿ ಸಾಲೆಯಲ್ಲಿ. ಕನ್ನಡದ ಅಕ್ಷರ ನನಗೆ ಬಂದದ್ದು ಮದುವೆಯಾದ ಮೇಲೆ, ಹಾಡಿನ ಪುಸ್ತಕ ಓದುತ್ತಿದ್ದ ಅತ್ತೆಯಿಂದ. ಒತ್ತಕ್ಷರ ತಪ್ಪಿದರೆ ಓದುವವರು ತಿದ್ದಿಕೊಳ್ಳಬೇಕು.

ನಾವು ಮೂವರು: ಅಣ್ಣ, ನಾನು, ತಂಗಿ. ಬೀರಪ್ಪನ ಒಕ್ಕಲು, ಕುರಿ ಸಾಕುವವರು. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಪ್ಪನ ಕೋಲು ಅವನ ಕೈಗೆ ಬಂತು, ಕುರಿಗಳು ಅವನ ಹಿಂದೆ ಬಂದವು. ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದುದರಿಂದ ತಂಗಿಯನ್ನು ಎತ್ತಿಕೊಳ್ಳಲು ನನ್ನನ್ನು ಸಾಲೆ ಬಿಡಿಸಿದರು. ತಂಗಿ ಮಾತ್ರ ಹತ್ತನೆಯವರೆಗೆ ಓದಿದಳು. ಈಗ ಆಕೆ ಉದಗೀರದಲ್ಲಿದ್ದಾಳೆ, ಗಂಡ ಧಾನ್ಯದ ಅಡತಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ನನ್ನನ್ನು ಉಮರ್ಗಾಕ್ಕೆ ಕೊಟ್ಟರು, ನಮ್ಮದು ಹಿಟ್ಟಿನ ಗಿರಣಿ. ಅಣ್ಣ ಮದುವೆಯಾಗಲಿಲ್ಲ. ಹಿಂಗಾರಿಯ ದಿನಗಳಲ್ಲಿ ಕುರಿ ಹೊಡೆದುಕೊಂಡು ಊರೂರು ಹೋಗುತ್ತಾನೆ. ಬೆಳೆ ತೆಗೆದ ಹೊಲದಲ್ಲಿ ಒಕ್ಕಲಿಗರು ಅವನ ಕುರಿಗಳನ್ನು ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ. ಕುರಿಯ ಗೊಬ್ಬರ ಬಿದ್ದ ನೆಲಕ್ಕೆ ಮರುವರ್ಷ ಬೇರೆ ಏನೂ ಬೇಡ. ಬಲೆ ಕಟ್ಟಿ ಹಟ್ಟಿ ಮಾಡಿ ಅಣ್ಣ ಅದರ ಬಾಯಲ್ಲೇ ಕಂಬಳಿ ಹಾಸಿ ಮಲಗುತ್ತಾನೆ.

ಚಿಕ್ಕವರಿದ್ದಾಗ ಸುಗ್ಗಿಯಲ್ಲಿ ನಾವಿಬ್ಬರೂ ಅವನ ಜೊತೆ ಹಟ್ಟಿಯಲ್ಲಿ ಮಲಗಿದ್ದುಂಟು. ತಂಗಿ ಅದನ್ನು ಮರೆತಿರಲಿಲ್ಲ. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಆಕೆಯ ಫೋನು ಬಂತು.

"ಯಕ್ಕಾ, ಅಣ್ಣ ಮಾಕಣಿ ಕಡಿ ಅದಾನಂತ. ಈ ಸಲ ಸೀತನಿ ದಿನದಾಗ ಮೂವರೂ ಒಂದ ರಾತ್ರಿ ಕೂಡೇ ಇರೂಣು. ಮಕ್ಕಳಿಗೂ ನೀರು ತೋರಿಸಿದಂಗ ಆಗ್ತದ."

"ಎಲ್ಲಿ ಇರೂದವ್ವಾ?"

"ಅಣ್ಣ ಎಲ್ಲಿ ಅಂತಾನ ಅಲ್ಲಿ. ನಾ ಫೋನ್ ಮಾಡಿದ್ರ ಹತ್ತಂಗೇ ಇಲ್ಲ, ನೀನೇ ಕೇಳು. ಲಗ್ನ ಆದ ಮ್ಯಾಲ ಅವನ ಬಾಜೂಕ ಒಂದಿನಾನೂ ಮಲಗಿಲ್ಲ ನಾ. ನನಗ ಅಷ್ಟೇ ಬೇಕು."

ಅಣ್ಣನ ಫೋನು ಸಂತೆಯ ದಿನ ಮಾತ್ರ ಜೀವ ಹಿಡಿಯುತ್ತದೆ. ಯಾವುದೋ ಅಂಗಡಿಯಲ್ಲಿ ಚಾರ್ಜಿಗೆ ಇಟ್ಟು, ನನಗೊಬ್ಬಳಿಗೇ ಹಚ್ಚುತ್ತಾನೆ. ತಂಗಿಯ ಸುದ್ದಿ ಅವನಿಗೆ, ಅವನ ಸುದ್ದಿ ತಂಗಿಗೆ ನನ್ನಿಂದಲೇ ಹೋಗಬೇಕು. ನಮ್ಮಲ್ಲಿ ಅದು ಮೊದಲಿನಿಂದ ನಡೆದು ಬಂದದ್ದು, ನಡುವಿನವಳು ನಾನೇ ಅಲ್ಲವೆ.

ಅಣ್ಣ ಸಂತೆಯಿಂದ ಮಾತಾಡಿದಾಗ ತಂಗಿಯ ಆಸೆ ಹೇಳಿದೆ. ಅವನು ನಕ್ಕ ಸದ್ದು ಕೇಳಿಸಿತು.

"ಬರ್ರಿ ಮತ್ತ! ನಾ ಹಟ್ಟಿ ಹಾಕಿದ ಹೊಲದಾಗ ಒಂದ ಖೋಲಿ ಅದ, ಬಾವಿ ಅದ. ಹೊಲದವ್ರು ತಾವೇ ಅಂದಾರ, ನಿಮ್ಮ ಮಂದಿ ಬಂದ್ರ ಇಲ್ಲೇ ಇಳಸ್ಕೋ ಅಂತ. ಕುರಿ ಬಿಟ್ಟು ರಾತ್ರಿ ನನಗ ಎಲ್ಲೂ ಬರ್ಲಾಕ ಆಗಲ್ಲ, ನಿನಗ ಗೊತ್ತೇ ಅದ. ಇಲ್ಲೇ ಬಂದ್ರ ಕೂಡೇ ಇರ್ತೀವಿ. ಅವರಿಗಿ ಹೇಳಿಬಿಡ್ಲಾ?"

"ಹೂಂ" ಎಂದೆ.

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲೂ ಹೂಂ ಎಂದೇ ಇತ್ತು.

ಆದರೆ ಜಾಗ ನೋಡಿಕೊಂಡು ಬರೋಣವೆಂದು ಸೊಸೆ ಹೊರಟಳು. ನಿಲಂಗಾದ ಹುಡುಗಿ, ಮಾತೃಭಾಷೆ ಮರಾಠಿ, ನನ್ನ ಜೊತೆ ಕನ್ನಡ ಕಲಿತು ಮಾತಾಡುತ್ತಾಳೆ. ಮೊಮ್ಮಗ ಆಗ ತೊಡೆಯ ಮೇಲಿನ ಕೂಸು. ಮಗ ಟೆಂಪೋದಲ್ಲಿ ನಮ್ಮಿಬ್ಬರನ್ನು ಕರೆದೊಯ್ದ. ಮೊದಲು ರಸ್ತೆಯ ಬದಿಯ ಒಂದು ಲಾಡ್ಜ್ ನೋಡಿದೆವು. ಹೊರಗೆ 'ಫ್ಯಾಮಿಲಿ ರೂಮ್' ಎಂಬ ಫಲಕವಿತ್ತು, ಕೆಳಗಿನ ಅಂತಸ್ತಿನಲ್ಲಿ ಹಗಲೇ ಕುಡಿಯುವವರು ಕುಳಿತಿದ್ದರು. ಸೊಸೆ ಟೆಂಪೋದಿಂದ ಇಳಿಯಲೇ ಇಲ್ಲ. ಆಮೇಲೆ ಒಂದು ಗುಡಿಯ ಧರ್ಮಶಾಲೆ. ನೆಲ ಕನ್ನಡಿಯಂತಿತ್ತು, ಆದರೆ ಇದ್ದವರಿಗೆಲ್ಲ ಸೇರಿ ಒಂದೇ ಬಚ್ಚಲು, ಕೈಯಲ್ಲಿ ತಂಬಿಗೆ ಹಿಡಿದ ಹೆಂಗಸರ ಸಾಲು.

ಮೂರನೆಯದು ನೀರಿನ ಹತ್ತಿರ ಹೊಸದಾಗಿ ಕಟ್ಟಿದ್ದು. ಒಬ್ಬ ಸಾಹುಕಾರರು ತಮ್ಮ ಕಬ್ಬಿನ ಹೊಲದಲ್ಲಿ ಸಾಲಾಗಿ ಕೋಣೆ ಕಟ್ಟಿಸಿದ್ದರು. ಪ್ರತಿ ಕೋಣೆಗೂ ಬಿಸಿನೀರಿನ ಬಚ್ಚಲು, ಹೊರಗೆ ಜೋಕಾಲಿ, ಮಕ್ಕಳು ನೀರಿನ ಕಡೆ ಓಡದಂತೆ ತಂತಿಯ ಬೇಲಿ. ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ನಾನು ಆ ಚಿಲಕವನ್ನು ಹಾಕಿ ತೆಗೆದು ನೋಡಿದೆ. ಯಾಕೆ ಎಂದರೆ ಹೇಳಲಾರೆ. ಚಿಲಕವಿಲ್ಲದ ಬಯಲಿನಲ್ಲಿ ಬೆಳೆದವಳಿಗೆ ಚಿಲಕದ ಆಸೆ ಇರುತ್ತದೇನೋ.

ತಿರುಗಿ ಬರುವಾಗ ಅಣ್ಣನ ಹಟ್ಟಿಯಿದ್ದ ಹೊಲದ ಮುಂದೆ ಟೆಂಪೋ ನಿಂತಿತು. ಕುರಿ ಮೇಯಲು ಹೋಗಿದ್ದವು, ಅಣ್ಣನೂ ಇರಲಿಲ್ಲ. ಬಲೆ, ಗೂಟ, ಒಂದು ಕಡೆ ಮೂರು ಕಲ್ಲಿನ ಒಲೆ. ಅದರಾಚೆ ತಗಡು ಹೊದಿಸಿದ ಖೋಲಿ. ಗಾಳಿ ಆ ಕಡೆಯಿಂದ ಬೀಸಿತು. ಹಿಕ್ಕೆ, ಉಣ್ಣೆ, ಹಸಿ ಹಾಲು ಬೆರೆತ ಆ ವಾಸನೆ ನನ್ನ ತಲೆಯ ಕೂದಲಲ್ಲಿ ಮದುವೆಯವರೆಗೆ ಇತ್ತು. ಗಿರಣಿಯ ಮನೆಗೆ ಬಂದ ಹೊಸತರಲ್ಲಿ ಸೀಗೆಕಾಯಿ ಹಚ್ಚಿ ಹಚ್ಚಿ ತೊಳೆಯುತ್ತಿದ್ದೆ. ಮಗ "ಮಾಮಾ ಇಲ್ಲೇ ಇರ್ತಾನೇನು?" ಎಂದ. ಸೊಸೆ ಕೂಸಿನ ಮೂಗಿಗೆ ಸೆರಗು ಮುಚ್ಚಿ, ಸಾವಕಾಶ ಕೇಳಿದಳು:

"ಆತ್ಯಾ, ಇಲ್ಲಿ ಸಂಡಾಸ ಎಲ್ಲದ?"

ಆಕೆ ಕೇಳಿದ್ದು ಅಷ್ಟೇ. ಅದರಲ್ಲಿ ಕುಹಕ ಇರಲಿಲ್ಲ. ನಾನೇ ಟೆಂಪೋದಿಂದ ಇಳಿಯಲಿಲ್ಲ. ಖೋಲಿಯ ಬಾಗಿಲು ತೆರೆದು ನೋಡಲಿಲ್ಲ. "ನಡಿ, ಹೊತ್ತಾಯ್ತು" ಎಂದೆ.

ಮನೆಗೆ ಬಂದು ನನಗೆ ನಾನೇ ಹೇಳಿಕೊಂಡ ಕಾರಣಗಳು ಬಹಳ. ಕೂಸಿಗೆ ಕೆಮ್ಮು ಇದೆ, ಚಳಿ ತಗಲುತ್ತದೆ. ಹೊಲದಲ್ಲಿ ಹಾವು ಹುಳ. ತಂಗಿಯ ಮಗಳು ದೊಡ್ಡವಳಾಗಿದ್ದಾಳೆ, ಬಯಲಿಗೆ ಹೇಗೆ ಹೋಗುತ್ತಾಳೆ. ಇವೆಲ್ಲ ಖರೆಯೇ. ಖರೆ ಮಾತುಗಳನ್ನೇ ಒಂದರ ಮೇಲೊಂದು ಇಟ್ಟು ನಾನು ಸುಳ್ಳಿನ ಗೋಡೆ ಕಟ್ಟಿದೆ. ಇಷ್ಟು ವರ್ಷ ತೊಳೆದುಕೊಂಡದ್ದರ ನಡುವೆ ಸೊಸೆಯ ಕಣ್ಣ ಮುಂದೆ ಮತ್ತೆ ಹೋಗಿ ಮಲಗಲು ನನಗೆ ನಾಚಿಕೆಯಾಯಿತು. ನಿಜವಾದ ಕಾರಣ ಅದು. ಅದನ್ನು ಬಾಯಿಬಿಟ್ಟು ಹೇಳಿದ್ದರೂ ನಡೆಯುತ್ತಿತ್ತು. ತಂಗಿ ನಗುತ್ತಿದ್ದಳು, ಅಣ್ಣ ಬೈಯುತ್ತಿದ್ದ, ಏನಾದರೂ ದಾರಿ ಹುಡುಕುತ್ತಿದ್ದೆವು. ನಾನು ಹಾಗೆ ಮಾಡಲಿಲ್ಲ.

ತಂಗಿಗೆ ಫೋನ್ ಮಾಡಿ ನೀರಿನ ಬದಿಯ ಕೋಣೆಗಳ ಸುದ್ದಿ ಹೇಳಿದೆ.

"ಅಣ್ಣ ಏನಂದ?" ಎಂದಳು.

"ಅಂವನೇ ಅಂದ. ಸಣ್ಣ ಮಕ್ಕಳು ಅದಾವ, ಅಲ್ಲೇ ಛಲೋ ಅಂತ."

"ಮತ್ತ ಕುರಿ?"

"ಏನರೆ ಮಾಡ್ತಾನ. ಬರ್ತಾನ, ಯಾಕ ಬರಲ್ಲ."

ಮುಂದಿನ ಸಂತೆಯ ದಿನ ಅಣ್ಣನಿಗೆ ಬೇರೆ ಮಾತು ಹೇಳಿದೆ. "ತಂಗಿ ಒಂದೇ ಹಟ ಹಿಡದಾಳ ಅಣ್ಣಾ. ಮಕ್ಕಳಿಗಿ ಬಚ್ಚಲಾ, ಜೋಕಾಲಿ ಎಲ್ಲಾ ಬೇಕಂತ. ಆಕಿ ಮಾತಿಗಿ ನಾ ಏನ್ ಅನ್ನಲಿ?"

ಸಂತೆಯ ಗದ್ದಲ ಕೇಳಿಸುತ್ತಿತ್ತು, ಯಾರೋ ಮೆಣಸಿನಕಾಯಿ ಕೂಗುತ್ತಿದ್ದರು.

"ಆಕಿಗಿ ಅಲ್ಲೇ ಬೇಕಂದ್ರ ಅಲ್ಲೇ ಇರ್ರಿ. ನಾ ಸಂಜಿಗಿ ಬಂದು ಹೋಗ್ತೀನಿ" ಎಂದ.

ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ತಲೆಬಾಗಿದರು. ಇಬ್ಬರೂ ಆ ಮಾತು ಆಡಿರಲಿಲ್ಲ.

ಹೋದ ದಿನ ಬಿಸಿಲು ಚೆನ್ನಾಗಿತ್ತು. ಮಕ್ಕಳು ಬೇಲಿ ಹಿಡಿದು ನೀರಿನ ಹಕ್ಕಿ ಎಣಿಸಿದರು, ದೋಣಿಯಲ್ಲಿ ಕುಳಿತು ಕಿರುಚಿದರು. ತಂಗಿ ಉದಗೀರದಿಂದ ಶೇಂಗಾದ ಹಿಂಡಿ, ಕಡಕ್ ರೊಟ್ಟಿ, ಸಜ್ಜಕದ ಹೋಳಿಗೆ ತಂದಿದ್ದಳು. ಕೋಣೆಯ ಎರಡು ಮಂಚಗಳನ್ನು ಗೋಡೆಗೆ ಸರಿಸಿ, ನೆಲಕ್ಕೆ ಹಾಸಿಗೆ ಹಾಸಿ, "ಇಲ್ಲಿ ಅಣ್ಣ, ಇಲ್ಲಿ ನಾ, ಅಲ್ಲಿ ನೀ" ಎಂದು ಕೈಯಿಂದ ತಟ್ಟಿ ಜಾಗ ತೋರಿಸಿದಳು. ಆಗಲಾದರೂ ಹೇಳಬಹುದಿತ್ತು. ಮಡಿಕೆ ಬಿಚ್ಚಿ ಚಾದರ ಕೊಟ್ಟೆ.

ಅಣ್ಣ ಹೊತ್ತು ಇಳಿಯುವಾಗ ನಡೆದುಕೊಂಡು ಬಂದ. ಹೆಗಲ ಮೇಲೆ ಕಂಬಳಿ, ಅದರ ಜೋಳಿಗೆಯಲ್ಲಿ ಹಸಿ ತೆನೆ. ಬಾಗಿಲಲ್ಲಿದ್ದ ಕಾವಲುಗಾರ ತಡೆದು, ಹೊರಗಿನ ಹುರಡಾ ಒಳಗೆ ಬಿಡುವುದಿಲ್ಲ ಎಂದನಂತೆ. ತಂಗಿ ಓಡಿಹೋಗಿ ಅವನ ಜೊತೆ ಜಗಳ ತೆಗೆದಳು.

"ನಮ್ಮಣ್ಣ ತಂದಿದ್ದು ಹೊರಗಿಂದು ಹೆಂಗ ಆಗ್ತದ? ನಿಮ್ಮ ಸಾಹುಕಾರ್ರ ಹುರಡಾ ಏನ್ ಅರಮನ್ಯಾಗ ಬೆಳದದ್ದಾ?"

"ಹೋಗಲಿ ಬಿಡವ್ವಾ, ನಾಯಿಗಿ ಬೈದಂಗ ಬೈತಿ ಅವನಿಗಿ. ಅಂವಾ ಏನ್ ಮಾಡ್ಯಾನ" ಎಂದು ಅಣ್ಣನೇ ನಗಿಸಿದ. ಕಾವಲುಗಾರನೂ ನಕ್ಕು ಬಿಟ್ಟ, ತನಗೂ ನಾಲ್ಕು ತೆನೆ ಇಸಿದುಕೊಂಡ.

ಕೆಂಡದ ಸುತ್ತ ಕುಳಿತೆವು. ಅಣ್ಣ ತೆನೆ ಸುಟ್ಟು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಎಲ್ಲರ ಕೈಗೂ ಹಾಕಿದ. ತಂಗಿಯ ಮಗಳು ಅವನನ್ನು ಎಳೆದೊಯ್ದು ಜೋಕಾಲಿಯಲ್ಲಿ ಕೂರಿಸಿದಳು. ರುಮಾಲು ಸುತ್ತಿದ ಆ ದೊಡ್ಡ ಮನುಷ್ಯ ಕಾಲು ಮಡಚಿಕೊಂಡು, ಎರಡೂ ಸರಪಳಿ ಬಿಗಿಯಾಗಿ ಹಿಡಿದು, "ಸಾವಕಾಶ ತೂಗವ್ವಾ, ಮಾಮಾಗ ಹಲ್ಲು ಇನ್ನೂ ಬೇಕಾಗ್ಯಾವ" ಎನ್ನುತ್ತಿದ್ದ. ನನ್ನ ಸೊಸೆ ಸಹ ಕೂಸನ್ನು ತಂದು ಅವನ ತೊಡೆಯ ಮೇಲೆ ಇಟ್ಟಳು. ಕೂಸು ಕಂಬಳಿಯ ಅಂಚು ಬಾಯಿಗೆ ಹಾಕಿಕೊಂಡಿತು. ಸೊಸೆ ಅದನ್ನು ಬಿಡಿಸಲಿಲ್ಲ. ನಾನು ಯಾರ ಹೆಸರಿನಲ್ಲಿ ಇಷ್ಟೆಲ್ಲ ಹೆದರಿದ್ದೆನೋ ಆಕೆ ನಗುತ್ತ ನಿಂತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಅಣ್ಣ ಎದ್ದು ಕಂಬಳಿ ಝಾಡಿಸಿದ.

"ಹೊಂಟೀನಿ."

"ಎಲ್ಲಿಗಿ?" ತಂಗಿ ಎದ್ದು ನಿಂತಳು.

"ಹಟ್ಟಿಗಿ. ಹೊಲದವ್ರ ಮಗ ಕುಂತಾನ ಅಲ್ಲಿ, ಪಾಪ, ಹೊತ್ತಾತು. ಈಗ ತೋಳ ಬರೂ ದಿನ."

"ಹಾಸಿಗಿ ಹಾಕೀನಿ ನಾ. ರಾತ್ರಿ ಇರಲ್ಲೇನು ನೀ? ಮತ್ತ ಇಲ್ಲೇ ಇಳೀರಿ ಅಂತ ನೀನೇ ಅಂದಿಯಂತ?"

ಅಣ್ಣ ಆಕೆಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಬಹಳ ಹೊತ್ತೇನೂ ಅಲ್ಲ, ದಾರಿಯಲ್ಲಿ ಪರಿಚಯದವರು ಎದುರಾದಾಗ ನೋಡುವಷ್ಟು. ಅಷ್ಟರಲ್ಲಿ ಅವನಿಗೆ ಎಲ್ಲ ತಿಳಿಯಿತು. ನನಗೆ ನೆಲ ನೋಡುವುದಕ್ಕೂ ಆಗಲಿಲ್ಲ, ಅವನ ಮುಖ ನೋಡುತ್ತಲೇ ಇದ್ದೆ.

"ಹೂಂ. ನಾನೇ ಅಂದೀನಿ" ಎಂದ. "ಮಕ್ಕಳಿಗಿ ಇಲ್ಲೇ ಛಲೋ."

"ಮತ್ತ ನನಗ?" ಎಂದಳು ತಂಗಿ.

ಅವನು ಆಕೆಯ ತಲೆಯ ಮೇಲೆ ಕೈಯಿಟ್ಟು, "ಹುಚ್ಚಿ" ಎಂದಷ್ಟೇ ಹೇಳಿ ಹೊರಟ. ತಂಗಿ ಬಾಗಿಲವರೆಗೆ ಹೋಗಿ ಬಂದಳು. ನೆಲದ ಹಾಸಿಗೆ ಸುತ್ತಿ ಮಂಚದ ಮೇಲೆ ಹಾಕಿದಳು. ಬೆಳಗ್ಗೆ ಮಕ್ಕಳಿಗೆ ಹಾಲು ಕುಡಿಸಿದ ಕೂಡಲೇ ಉದಗೀರದ ಬಸ್ಸು ಹಿಡಿದಳು. ನನ್ನ ಮೇಲೆ ಸಿಟ್ಟಿಲ್ಲ ಆಕೆಗೆ. ಸಿಟ್ಟು ಅಣ್ಣನ ಮೇಲೆ. ತಾನಾಗಿ ಬಂದರೂ ಬಾಜೂಕ ಇಳಿಸಿಕೊಳ್ಳಲಿಲ್ಲ, ತನ್ನನ್ನು ಬೀಗರ ಹಾಗೆ ದೂರ ಇಟ್ಟ ಎಂದು ಬಸ್ಸು ಬರುವ ಮೊದಲು ನನ್ನ ಮುಂದೆಯೇ ಅತ್ತಳು. ನಾನು ಸೆರಗಿನಿಂದ ಆಕೆಯ ಕಣ್ಣೊರೆಸಿದೆ.

ಆ ಕೈಯನ್ನು ನೆನೆಸಿಕೊಂಡರೆ ಇಂದಿಗೂ ನನಗೆ ನನ್ನದೇ ಅನ್ನಿಸುವುದಿಲ್ಲ.

ಆಮೇಲೆ ತಂಗಿಯ ಫೋನು ಬರುತ್ತಿತ್ತು. ಆರಾಮ ಅದೀಯಾ, ಮಗ ಹೆಂಗದಾನ, ಗಿರಣಿ ನಡದದಾ ಎನ್ನುತ್ತಿದ್ದಳು. ಅಣ್ಣನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅಣ್ಣ ಸಂತೆಯಿಂದ ಮಾತಾಡುವಾಗ ಕೊನೆಗೆ "ಆಕಿ ಏನಂತಾಳ?" ಎಂದು ಕೇಳುತ್ತಿದ್ದ. "ಛಲೋ ಅದಾಳ" ಎನ್ನುತ್ತಿದ್ದೆ. ಅವನು ಒಮ್ಮೆಯೂ ನನ್ನ ಸುಳ್ಳಿನ ಬಗ್ಗೆ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿದ್ದೆ. ಅಪ್ಪ ಹೋದಂದಿನಿಂದ ನಮ್ಮಿಬ್ಬರನ್ನು ಕಾಯ್ದವನು ನನ್ನ ಸುಳ್ಳನ್ನೂ ತನ್ನ ಮೇಲೆ ಹಾಕಿಕೊಂಡು ಕಾಯುತ್ತಿದ್ದ. ಅದರ ಬೆಲೆಯಾಗಿ ತಂಗಿಯನ್ನು ಕಳೆದುಕೊಳ್ಳುತ್ತಿದ್ದ.

ಮುಂದಿನ ಚಳಿ ಬಂತು. ಜೋಳ ತೆನೆ ಹಿಡಿಯಿತು. ತಂಗಿ ಸೀತನಿಯ ಹೆಸರು ಎತ್ತಲಿಲ್ಲ. ಅಣ್ಣ ಅದೇ ಹೊಲಕ್ಕೆ ಮತ್ತೆ ಬಂದಿದ್ದಾನೆಂದು ಗೊತ್ತಾದ ಮೇಲೆ ಒಂದು ಮುಂಜಾನೆ ಗಿರಣಿ ಗಂಡನಿಗೆ ಬಿಟ್ಟು ಒಬ್ಬಳೇ ಬಸ್ಸು ಹತ್ತಿದೆ.

ಅಣ್ಣ ಹಟ್ಟಿಯಲ್ಲೇ ಇದ್ದ. ಒಂದು ಕುಂಟುವ ಕುರಿಯನ್ನು ಮಲಗಿಸಿ, ಮಂಡಿಯಿಂದ ಒತ್ತಿಹಿಡಿದು, ಬೆಳೆದ ಗೊರಸನ್ನು ಚೂರಿಯಿಂದ ಹೆರೆಯುತ್ತಿದ್ದ. "ಬಾ, ಕಾಲು ಹಿಡಿ" ಎಂದ, ನಾನು ದಿನಾ ಬರುವವಳ ಹಾಗೆ. ಹಿಡಿದೆ. ಹಿಡಿದುಕೊಂಡೇ ಹೇಳಿದೆ, ಇಬ್ಬರಿಗೂ ಏನೇನು ಹೇಳಿದ್ದೆನೋ ಎಲ್ಲ. ನಾಚಿಕೆಯ ಮಾತನ್ನೂ ಹೇಳಿದೆ.

"ಗೊತ್ತದ" ಎಂದ, ಚೂರಿ ನಿಲ್ಲಿಸದೆ.

"ಮತ್ತ ನನಗ ಯಾಕ ಬೈಲಿಲ್ಲ?"

"ಬೈದ್ರ ಆಕಿ ನಿನ್ನ ಸಂಗಟನೂ ಮಾತು ಬಿಡ್ತಿದ್ಲು. ನನ್ನ ಫೋನ್ ಅಂತೂ ಹತ್ತಲ್ಲ. ನಿನ್ನ ಮ್ಯಾಲೂ ಸಿಟ್ಟಾದ್ರ ಆಕಿ ಸುದ್ದಿ ನನಗ ಯಾರು ಹೇಳ್ಬೇಕು?"

ಅವನು ಕುರಿಯನ್ನು ಬಿಟ್ಟು ಚೂರಿ ಒರೆಸಿಕೊಂಡ.

"ನಿನ್ನ ನಾಚಿಕಿ ನನಗ ತಿಳೀತದ. ಆದ್ರ ನೀ ಹೂಂ ಅಂದಿದ್ದಿ. ನಾ ಹೊಲದವರಿಗಿ ಮಾತು ಕೊಟ್ಟಿದ್ದೆ. ಆ ಅವ್ವ ಖೋಲಿ ಸಾರಿಸಿ, ಹೊಸಾ ಒಲಿ ಹಾಕಿ, ಹೆಣ್ಣಮಕ್ಕಳಿಗಂತ ಬಾವಿ ಬಾಜೂಕ ತಟ್ಟಿ ಕಟ್ಟಿಸಿ ಬಚ್ಚಲಾ ಮಾಡಿಸಿದ್ರು. ಯಾರೂ ಬರಲಿಲ್ಲ. ಅವರ ಮುಂದ ನನಗ ಮುಖ ಇರಲಿಲ್ಲ. ಹೊಲದಾಗ ನಿಲ್ಲೂದೇ ನಮ್ಮದು ಬಾಯಿಮಾತಿನ ಮ್ಯಾಲ."

ಹಾಗೆ ಅವನು ಒಮ್ಮೆಗೇ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಮತ್ತೊಂದು ಮಾತು ಕೇಳದೆ ಎದ್ದು ಹೊಲದವರ ಅವ್ವನನ್ನು ಹುಡುಕಿಕೊಂಡು ಹೋದೆ. ಅವರು ತೊಗರಿಯ ಸಾಲಿನಲ್ಲಿದ್ದರು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ನಾನು ಯಾರೆಂದು ಹೇಳಿ, ಅಂದು ಬಾರದಿದ್ದುದಕ್ಕೆ ಕಾರಣ ನಾನೇ, ಅಣ್ಣನಲ್ಲ ಎಂದೆ.

"ಓಹೋ, ನೀವೇ ಏನ್ರೀ ಬಾಯಿ?" ಎಂದರು. "ಸಾರಿಸಿ ಸಾರಿಸಿ ನನ್ನ ರಟ್ಟಿ ಬಿದ್ದುಹೋದವು. ನಮ್ಮ ಮನಿಯವ್ರು ಅಂದ್ರು, ನಿನ್ನ ಮಗಳ ಲಗ್ನಕ್ಕೂ ಇಷ್ಟು ಸಾರಿಸಿಲ್ಲ ನೀ ಅಂತ. ನಿಮ್ಮಣ್ಣ ಎರಡು ದಿನ ನನ್ನ ಕಣ್ಣಿಗಿ ಬಿದ್ದಿಲ್ಲ ನೋಡ್ರಿ. ಕುರಿ ಅಷ್ಟೇ ಕಾಣಸ್ತಿದ್ವು, ಮನುಷ್ಯಾ ಇಲ್ಲ!"

"ತಪ್ಪಾಯ್ತು ತಾಯಿ."

"ಇರ್ಲಿ ಬಿಡ್ರಿ. ತಟ್ಟಿ ಬಚ್ಚಲಾ ಹಂಗೇ ಅದ, ನಾವೇ ಬಳಸ್ತೀವಿ. ಈ ಸಲ ಬರೂರಿದ್ದೀರೇನು? ಎಷ್ಟ ಮಂದಿ?"

ಬಾಯಿಗೆ ಉತ್ತರ ಬಂದೇಬಿಟ್ಟಿತ್ತು. ಎಲ್ಲರೂ ಬರ್ತೀವ್ರಿ ಎಂದು ಹೇಳುವವಳಿದ್ದೆ. ತಡೆದುಕೊಂಡೆ.

"ಅವರವರಿಗಿ ಕೇಳಿ ಹೇಳ್ತೀನ್ರಿ" ಎಂದೆ.

ಹಟ್ಟಿಗೆ ತಿರುಗಿ ಬರುತ್ತ ತಂಗಿಗೆ ಫೋನ್ ಹಚ್ಚಿದೆ. ಅಣ್ಣ ನನ್ನ ಮುಂದೆಯೇ ನಿಂತಿದ್ದ. ಅವನಿಗೆ ಹೇಳಿದ ಹಾಗೆಯೇ ಆಕೆಗೂ ಹೇಳಿದೆ, ಏನೂ ಬಿಡಲಿಲ್ಲ. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು, ಆಕೆ ಅದನ್ನು ಇಳಿಸಿದ್ದು ಕೇಳಿಸಿತು.

"ವರ್ಷ ಪೂರ್ತಿ ಅಣ್ಣನ ಮ್ಯಾಲ ಮುನಿಸಿಕೊಂಡು ಕುಂತೀನಿ ನಾ" ಎಂದಳು. "ನನ್ನ ಕಣ್ಣೀರ ನೀನೇ ಒರಸಿದ್ದಿ."

"ಹೂಂ."

"ನೀ ಒಬ್ಬಕಿ ಅದೀ ನೋಡು, ಯಕ್ಕಾ..." ಬೈಗುಳ ಬಾಯಿಗೆ ಬಂದಿತ್ತು, ನುಂಗಿದಳು. ನುಂಗದಿದ್ದರೆ ಚೆನ್ನಾಗಿತ್ತು. "ಅಣ್ಣ ಅದಾನೇನು ಅಲ್ಲಿ?"

"ಅದಾನ."

"ಅವನ ಕೈಯಾಗ ಕೊಡು. ನೀ ನಡುವ ಬರಬ್ಯಾಡ."

ಕೊಟ್ಟೆ. ಅಣ್ಣ ಚೂರಿಯ ಕೈಯನ್ನು ಧೋತರಕ್ಕೆ ಒರೆಸಿ, ಫೋನನ್ನು ಕಿವಿಗೆ ಒತ್ತಿಕೊಂಡು, "ಏನವ್ವಾ" ಎಂದ. ಮುಂದೆ ಅವರಿಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಕುಂಟುಕುರಿ ಬಲೆಯ ಆ ಬದಿಗೆ ಹೋಗಿ ನಿಂತಿತ್ತು. ನಾನು ಅದರ ಹತ್ತಿರ ಹೋಗಿ ಕುಳಿತೆ, ಅವರ ಮಾತು ಕಿವಿಗೆ ಬೀಳದಷ್ಟು ದೂರದಲ್ಲಿ.